ಚಾವಿ ಬರುವ ಮೊದಲು ಕೇಳಿದ ಸದ್ದು

ಎಂಜಿನ್ ಮಾತಾಡುತ್ತದೆ ಎನ್ನುವ ಮೆಕ್ಯಾನಿಕ್‌ಗಳನ್ನು ಕಂಡರೆ ನನಗೆ ನಗು ಬರುತ್ತಿತ್ತು. ಹೈದರಾಬಾದಿನಲ್ಲಿ ಹಳೆ ಗಾಡಿ ಕೊಡಿಸಿ, ಮಾರಿಸಿ ಬದುಕು ಕಟ್ಟಿಕೊಂಡವನು ನಾನು. ನಂಬಿದ್ದು ನನ್ನ ಅಂಗೈಯನ್ನು ಮಾತ್ರ. ನೀವು ಹಳೆ ಗಾಡಿ ಕೊಳ್ಳುವುದಾದರೆ ಇದು ನೆನಪಿರಲಿ: ಬೆಳಗಾಗುತ್ತಲೇ, ಹೇಳದೆ ಹೋಗಿ ಎಂಜಿನ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಮಾಲೀಕ ಆಗಲೇ ಒಮ್ಮೆ ಚಾಲೂ ಮಾಡಿ ಮೊದಲ ಸದ್ದನ್ನು ಮುಗಿಸಿಟ್ಟಿದ್ದಾನೆ ಎಂದರ್ಥ. ಎಣ್ಣೆ ಮೇಲೇರುವ ಮುಂಚಿನ ಆ ಒಂದು ಗಳಿಗೆಯಲ್ಲೇ ಗಾಡಿಯ ರೋಗವೆಲ್ಲ ಬಯಲಾಗುವುದು.

ಇಷ್ಟೆಲ್ಲ ನನಗೆ ಗೊತ್ತಿದ್ದರೂ ಜನ ಕೇಳುತ್ತಿದ್ದದ್ದು ಬಸಣ್ಣನನ್ನು. ಲಿಂಗಂಪಲ್ಲಿಯ ಮೆಕ್ಯಾನಿಕ್, ನನ್ನ ಹಾಗೆಯೇ ಕಲಬುರಗಿ ಕಡೆಯವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ನಾನು ಗಂಟಲು ಹರಿದುಕೊಂಡು ಕುದುರಿಸಿದ ವ್ಯಾಪಾರ ಅವನ ಒಂದು ‘ಬ್ಯಾಡ’ಕ್ಕೆ ಮುರಿಯುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು.

ಕೆಲವು ವರ್ಷಗಳ ಹಿಂದೆ, ಕಟ್ಟಡದ ಕೆಲಸದವರಿಗೆ ರೊಟ್ಟಿ ಊಟ ಒಯ್ದು ಮಾರಲು ಮಲ್ಲಮ್ಮ ಎಂಬಾಕೆಗೆ ವ್ಯಾನ್ ಬೇಕಿತ್ತು. ಕೂಡಿಟ್ಟದ್ದನ್ನೆಲ್ಲ ಅದಕ್ಕೇ ಹಾಕುವವಳಿದ್ದಳು. ಕೊಂಡಾಪುರದ ಅಪಾರ್ಟ್‌ಮೆಂಟ್ ಒಂದರಲ್ಲಿ ಹಳೆಯದೊಂದನ್ನು ಹುಡುಕಿದೆ. ಬೆಳಿಗ್ಗೆ ಆರಕ್ಕೆ ಹೋದರೆ, ಮಲ್ಲಮ್ಮನ ಪಕ್ಕದಲ್ಲಿ ಬಸಣ್ಣ ನಿಂತಿದ್ದ. ವಾಚ್‌ಮನ್ ಮಾಲೀಕನನ್ನು ಕರೆಯಲು ಮೇಲೆ ಹೋದ. ವ್ಯಾನಿನ ಬಾಗಿಲಿಗೆ ಬೀಗ ಬೀಳುತ್ತಿರಲಿಲ್ಲ. ಸೀಟು ಎತ್ತಿ ಅದರಡಿಯ ಎಂಜಿನ್ ಮೇಲೆ ಕೈಯಿಟ್ಟೆ, ತಣ್ಣಗಿತ್ತು. ಬಸಣ್ಣ ಎಂದಿನಂತೆ ಸ್ಕ್ರೂಡ್ರೈವರ್ ಆನಿಸಿ ಕಣ್ಣು ಮುಚ್ಚಿದ.

“ಟಕ್ ಟಕ್ ಅನ್ನಾಕತ್ತೈತಿ. ಬೇರಿಂಗ್ ಹೋಗೈತಿ. ಬ್ಯಾಡ ಬಿಡ್ರಿ ಅಕ್ಕಾರ,” ಎಂದ.

“ಏ ಬಸಣ್ಣ, ಇನ್ನಾ ಚಾವೀನ ಬಂದಿಲ್ಲೋ! ನಿನ್ನ ಹೊಟ್ಟಿ ಸಪ್ಪಳ ಕೇಳೈತಿ. ಮೊದ್ಲ ನಾಷ್ಟಾ ಮಾಡಿ ಬಾ,” ಎಂದೆ.

ಮಲ್ಲಮ್ಮ ನಕ್ಕಳು. ಬಸಣ್ಣನ ಮುಖ ಕಪ್ಪಿಟ್ಟಿತು. ಇನ್ನಷ್ಟು ಅಣಕಿಸೋಣವೆಂದು ಸ್ಕ್ರೂಡ್ರೈವರ್ ಕಸಿದು ನನ್ನ ಕಿವಿಗೂ ಇಟ್ಟುಕೊಂಡೆ.

ಟಕ್. ಟಕ್. ತಟ್ಟೆಯ ತಳಕ್ಕೆ ಬೆರಳ ಗೆಣ್ಣಿನಿಂದ ಹೊಡೆದಷ್ಟು ಸ್ಪಷ್ಟ. ಚಾಲೂ ಮಾಡದ ಎಂಜಿನ್ನಿನಲ್ಲಿ.

“ಏನರೆ ಕೇಳ್ತೈತೇನ್ರಿ ಅಣ್ಣಾರ?” ಎಂದಳು ಮಲ್ಲಮ್ಮ.

“ಏನೂ ಇಲ್ಲ,” ಎಂದುಬಿಟ್ಟೆ.

ಮಾಲೀಕ ಚಾವಿ ತಂದು ಚಾಲೂ ಮಾಡಿದ. ಒಂದು ಕೆಟ್ಟ ಸದ್ದಿಲ್ಲ. ಮಲ್ಲಮ್ಮ ನನ್ನ ಮಾತಿನ ಮೇಲೆ ಗಾಡಿ ಕೊಂಡಳು. “ನನ್ನ ಕಿವೀನ ಕೆಟ್ಟಾವ ಕಾಣ್ತೈತಿ,” ಎನ್ನುತ್ತ ಬಸಣ್ಣ ತಲೆ ತಗ್ಗಿಸಿ ಹೋದ. ಅಂದು ಕುಡಿದ ಚಹಾದಷ್ಟು ರುಚಿಯಾದ ಚಹಾ ಮತ್ತೆ ಕುಡಿದಿಲ್ಲ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಲ್ಲಮ್ಮನ ಫೋನು. ಓಡಿ ಹೋದೆ. ಚಾಲೂ ಮಾಡಿದೊಡನೆ ಅದೇ ಟಕ್ ಟಕ್, ಅದೇ ಅಂತರ. ಬಿಚ್ಚಿ ನೋಡಿದರೆ ಬೇರಿಂಗ್. ರಿಪೇರಿ ಮುಗಿಯುವಷ್ಟರಲ್ಲಿ ಆಕೆಯ ಗಿರಾಕಿಗಳು ಬೇರೆಯವರ ಪಾಲಾಗಿದ್ದರು. “ನೀವು ಕಿವಿ ಇಟ್ಟು ಕೇಳಿದ್ರಲ್ರಿ ಅಣ್ಣಾರ,” ಎಂದಳು, ಅಷ್ಟೇ.

ಈಗ ಬಸಣ್ಣನ ಗ್ಯಾರೇಜಿನ ಮುಂದೆ ಗಾಡಿಗಳ ಸಾಲು. ನಾಳೆಯ ಸದ್ದು ಇಂದೇ ಕೇಳುವವನೆಂದು ಮೆಹದಿಪಟ್ಟಣಂವರೆಗೂ ಹೆಸರು. ನನಗೂ ಕೇಳಿತ್ತು ಎಂದು ಕೂಗಬೇಕೆನಿಸುತ್ತದೆ. ಕೂಗಿದರೆ ಮಲ್ಲಮ್ಮನಿಗೆ ಏನು ಹೇಳಲಿ?

ಚೌಕಾಸಿ ಮಾಡಿ ಅಂಥದೇ ಸ್ಕ್ರೂಡ್ರೈವರ್ ಕೊಂಡಿದ್ದೇನೆ. ಗಾಡಿ ನೋಡಲು ಹೋದಾಗ, ಚಾವಿ ಬರುವ ಮುಂಚೆ, ಯಾರೂ ಕಾಣದಂತೆ ತಣ್ಣನೆಯ ಎಂಜಿನ್ನಿಗೆ ಆನಿಸಿ ಕಣ್ಣು ಮುಚ್ಚುತ್ತೇನೆ. ಇದುವರೆಗೆ ಏನೂ ಕೇಳಿಲ್ಲ. ಅಂದಿನದಾದರೂ ನನಗೆಂದೇ ಬಂದ ಸದ್ದೋ, ಬಸಣ್ಣನಿಗೆ ಬಂದದ್ದನ್ನು ಸ್ಕ್ರೂಡ್ರೈವರಿನ ಜೊತೆ ನಾನು ಕಸಿದುಕೊಂಡೆನೋ, ನನಗಿನ್ನೂ ತಿಳಿದಿಲ್ಲ.