ಸೀಬೆ ತೋಟದ ಎರಡು ಸದ್ದು

ಆಗಲ್ಲ ಅಂದವರು ನಮ್ಮ ದೊಡ್ಡಪ್ಪ. ನಿಡುಗಲ್ ಬೆಟ್ಟದ ಬುಡದಲ್ಲಿ ಕಡಲೆಕಾಯಿ ಬೆಳೆಯುವ ಮನುಷ್ಯ. "ನಮ್ಮ ವಂಶದಾಗೆ ಹತ್ತನೇ ಕ್ಲಾಸು ದಾಟಿದೋರೇ ಇಲ್ಲ. ಇವಳು ಡಿಗ್ರಿ ಮಾಡ್ತಾಳಾ? ಬುಡಮ್ಮಿ ಸಾಕು" ಅಂತ ಎಲ್ಲರ ಮುಂದೆ ನಕ್ಕಿದ್ದರು.

ಮೂರು ವರ್ಷ ಮಧುಗಿರಿ ಬಸ್ಸಲ್ಲಿ ನಿಂತುಕೊಂಡೇ ಕಾಲೇಜಿಗೆ ಹೋದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಗರವೊಂದರ ಪೊಲೀಸರ ಹೊಸ ವ್ಯವಸ್ಥೆ ಸಿಕ್ಕಿತು. ಕಂಬಗಳ ಮೇಲೆ ಮೈಕು. ಗುಂಡು ಹಾರಿದ ಸದ್ದು ಕೇಳಿದರೆ ಕಂಪ್ಯೂಟರಿಗೆ ಸುದ್ದಿ. ಅದು ಎಷ್ಟು ಸಲ ನಿಜ ಹೇಳುತ್ತದೆ ಅಂತ ಅಳೆಯೋದು ನನ್ನ ಕೆಲಸ. ಜೊತೆಗೆ ದಿನಾ ಎರಡು ಗಂಟೆ ಹೆಡ್‌ಫೋನ್ ಹಾಕಿಕೊಂಡು, ಬಂದ ಸದ್ದಿಗೆ 'ಗುಂಡು' ಇಲ್ಲವೇ 'ಅಲ್ಲ' ಅಂತ ಬಟನ್ ಒತ್ತಬೇಕು. 'ಗುಂಡು' ಅಂದರೆ ಪೊಲೀಸ್ ಜೀಪು ಆ ಜಾಗಕ್ಕೆ ಹೊರಡುತ್ತದೆ.

ಒಂದು ಮಧ್ಯಾಹ್ನ, ಢಮ್. ಸ್ವಲ್ಪ ಹೊತ್ತಿಗೆ ದೂರದಿಂದ ಇನ್ನೊಂದು.

ನಮ್ಮ ಕಡೆ ಹಂದಿ, ಕೋತಿ ಓಡಿಸೋಕೆ ಪ್ಲಾಸ್ಟಿಕ್ ಪೈಪಿಗೆ ಕಾರ್ಬೈಡ್ ಹಾಕಿ, ನೀರು ಚಿಮುಕಿಸಿ, ಕಿಡಿ ಕೊಟ್ಟು ಢಮ್ ಅನ್ನಿಸುತ್ತಾರೆ. ಒಂದು ಹೊಲದಲ್ಲಿ ಹೊಡೆದರೆ ಪಕ್ಕದ ಹೊಲದವರು ಮರುಸದ್ದು ಕೊಡಲೇಬೇಕು. ಇಲ್ಲಾಂದ್ರೆ ಓಡಿದ ಪ್ರಾಣಿ ಅವರ ಬೆಳೆಗೆ ನುಗ್ಗುತ್ತದೆ. ಅದನ್ನು ಕೇಳಿಕೊಂಡೇ ಬೆಳೆದವಳು ನಾನು. ಆದರೂ ಪರದೆ ಕೆಂಪಾಗಿತ್ತು, 'ಎರಡು ಸದ್ದು, ಖಚಿತ' ಅಂದಿತ್ತು. ಹೊಲದ ಬುದ್ಧಿ ಇಲ್ಲಿ ತೋರಿಸಿದರೆ ನಗುತ್ತಾರೆ ಅನ್ನಿಸಿತು. 'ಗುಂಡು' ಒತ್ತಿದೆ.

ಮರುದಿನ ಪರಿಶೀಲನೆಗೆ ಆ ಜಾಗಕ್ಕೆ ಹೋದೆ. ಊರಂಚಿನ ಸೀಬೆ ತೋಟ. ಕಾವಲಿನ ಮುದುಕ ಬಲಗೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ.

"ಪೊಲೀಸ್ನೋರು ಬಂದು ಬಂದೂಕ ಎಲ್ಲಿ ಬಚ್ಚಿಟ್ಟೆ ಅಂದ್ರು ಕಣಮ್ಮ. ಪೈಪು ತೋರ್ಸಿದೆ. ಆಟ ಆಡ್ತೀಯೇನ್ಲಾ ಅಂತ ಅದ್ರಾಗೇ ಹೊಡೆದ್ರು."

ಬೆರಳು ಮಡಚಲು ಬರುತ್ತಿರಲಿಲ್ಲ. ಬಟನ್ ಒತ್ತಿದವಳು ನಾನೇ ಅಂದೆ. ಆತ "ಓದಿದ ಮಗೀಗೆ ಪೈಪಿನ ಸದ್ದು ಹೆಂಗೆ ಗೊತ್ತಾಗ್ಬೇಕು ಬುಡು" ಅಂದ. ಗೊತ್ತಿತ್ತು ಅಂತ ಹೇಳದೆ ಎದ್ದು ಬಂದೆ.

ಯಂತ್ರ 'ಖಚಿತ' ಅಂದಿದ್ದ ಉಳಿದ ಜಾಗಗಳಿಗೂ ಹೋದೆ. ಹೆಣದ ಮುಂದಿನ ಪಟಾಕಿ, ಲಾರಿಯ ಸಿಡಿದ ಟೈರು, ಮತ್ತೆ ಪೈಪು. ನಾನು ನೋಡಿದ ಕಡೆ ಎಲ್ಲೂ ಗುಂಡಿನ ಗುರುತಿಲ್ಲ. ಎಲ್ಲ ಪ್ರಾಜೆಕ್ಟ್ ವರದಿಯಲ್ಲಿ ಬರೆದೆ. ನಾನು ಗೊತ್ತಿದ್ದೂ ಒತ್ತಿದ್ದು, ಮುದುಕನ ಕೈಗೆ ಏಟು ಬಿದ್ದದ್ದು, ಇಷ್ಟನ್ನೇ ಒಂದು ಪುಟ ಬರೆದೆ.

ಪ್ರಾಜೆಕ್ಟಿನ ಮೇಷ್ಟ್ರು ಓದಿ, "ಈ ಪುಟ ತೆಗಿ. ಇದಿದ್ರೆ ಪೊಲೀಸರು ಸಹಿ ಹಾಕಲ್ಲ, ಸಹಿ ಇಲ್ದಿದ್ರೆ ನೀನು ಪಾಸಾಗಲ್ಲ. ಅವರು ಕೇಳಿರೋದು ಯಂತ್ರದ ವಿಷಯ, ನಿನ್ನ ಪಾಪ ಅಲ್ಲ" ಅಂದರು.

ಎರಡು ವಾರ ಒದ್ದಾಡಿದೆ. ತೆಗೆದೆ. ಪಾಸಾದೆ.

ಸರ್ಟಿಫಿಕೇಟು ಬಂದ ದಿನ ನೇರ ಹೊಲಕ್ಕೆ ಹೋಗಿ ದೊಡ್ಡಪ್ಪನ ಕೈಗೇ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಹಿಡಿದುಕೊಂಡರು. ಹೆಮ್ಮೆಯಿಂದ ಶುರು ಮಾಡಿದವಳು, ಮಾತಿಗೆ ಮಾತು ಬಂದು, ತೋಟದ ಕಥೆ, ತೆಗೆದ ಪುಟದ ಕಥೆ ಎರಡನ್ನೂ ಹೇಳಿಬಿಟ್ಟೆ.

"ಆ ಪುಟ ಎಲ್ಲೈತೆ?"

"ನನ್ನ ಹತ್ರಾನೇ ಐತೆ ದೊಡ್ಡಪ್ಪ."

ಸರ್ಟಿಫಿಕೇಟು ಮಡಚದೆ ವಾಪಸ್ ಕೊಟ್ಟರು. "ಇದು ನಂಗೆ ಓದಾಕ್ ಬರಾಕಿಲ್ಲ. ಅದ್ನ ತಕ್ಕಂಡ್ ಬಾ, ಓದಿ ಹೇಳು."