ಹಾಗಲಬೀಜದ ಪುಡಿಯೂ ಭಾನುವಾರದ ದೋಸೆಯೂ

ಹಾಗಲಬೀಜದ ಪ್ರೋಟೀನ್ ಪುಡಿ ನನ್ನ ಶುಗರ್ ಇಳಿಸುತ್ತದೆಂದು ಭಾವ ಡಬ್ಬಿ ತಂದುಕೊಟ್ಟಾಗ, ಅದು ಲಿವರ್ ಕೆಡಿಸೀತೇ, ಕಿಡ್ನಿ ತಿಂದೀತೇ ಎಂದು ವಾರವಿಡೀ ಚಿಂತಿಸಿದೆ. ಭಾನುವಾರ ಮಸಾಲೆದೋಸೆಯ ಆಸೆಗೆ, ಮುಂಜಾಗ್ರತೆಯೆಂದು ಶುಗರ್ ಮಾತ್ರೆಯ ಜೊತೆ ಎರಡು ಚಮಚ ಪುಡಿಯನ್ನೂ ನುಂಗಿ, ಖಾಲಿ ಹೊಟ್ಟೆಯಲ್ಲಿ ಬಸವನಗುಡಿಯ ಹೋಟೆಲಿಗೆ ಹೋದೆ. ಜಾಗ ಸಿಗಲೆಂದು ತಿನ್ನುತ್ತಿದ್ದ ಒಬ್ಬರ ಕುರ್ಚಿಯ ಹಿಂದೆಯೇ ನಿಂತೆ. ಪುಣ್ಯಾತ್ಮರು ಎರಡನೇ ದೋಸೆ ತರಿಸಿದರು. ನನ್ನ ಕೈ ನಡುಗಿತು, ಬೆವರು ಕಿತ್ತುಕೊಂಡು ಬಂತು. ಅವರು ತಿರುಗಿ ನೋಡಿ ಎದ್ದೇಬಿಟ್ಟರು.

“ಶುಗರ್ ಲೋ ಆಯ್ತಾ ಸಾರ್? ಕೂತ್ಕೊಳ್ಳಿ, ಮೊದ್ಲು ಈ ಕೇಸರಿಬಾತ್ ತಿನ್ನಿ!”

ಆರು ವರ್ಷದ ಪಥ್ಯ ಮೂರು ಚಮಚದಲ್ಲಿ ಮುಗಿಯಿತು, ಜೀವ ಬಂತು.

ಮರುದಿನ ಡಾಕ್ಟರಮ್ಮ ಗದರಿದರು: “ಮಾತ್ರೆ ಮೇಲೆ ಆ ಪುಡೀನೂ ಯಾಕ್ರೀ ತಗೊಂಡ್ರಿ?”

“ಎಲ್ಲದಕ್ಕೂ ಹೆದರಿದ್ದೆ ಮೇಡಂ. ಅದು ನಿಜವಾಗ್ಲೂ ಕೆಲಸ ಮಾಡ್ಬಿಡುತ್ತೆ ಅಂತ ಮಾತ್ರ ಹೆದರಿರ್ಲಿಲ್ಲ.”