ಅಳಿಸಿದರೂ ಬಿಡದ ಜಾಗ

ನಮ್ಮ ಭಾವನಿಗೆ ಹೊರಗಿನವರ ಮೇಲೆ ಹೊಟ್ಟೆಕಿಚ್ಚಿಲ್ಲ. ಪಕ್ಕದ ಮನೆಯವರು ಹೊಸ ಕಾರು ತಂದರೆ ತಾವೇ ಹೋಗಿ ಒರೆಸಿಕೊಟ್ಟು ಬರುವ ಮನುಷ್ಯ. ಅವರ ಹೊಟ್ಟೆ ಉರಿಯುವುದು ಒಬ್ಬಳನ್ನು ಕಂಡು ಮಾತ್ರ. ಅವಳು ನನ್ನ ಅಕ್ಕ, ಅವರ ಸ್ವಂತ ಹೆಂಡತಿ.

ಇಬ್ಬರೂ ಮನೆಯಲ್ಲೇ ಕೂತು ಒಂದು ರಕ್ತಪರೀಕ್ಷೆಯ ಲ್ಯಾಬಿನ ಲಿನಕ್ಸ್ ಸರ್ವರ್, ಅಂದರೆ ಅಲ್ಲಿನ ರಿಪೋರ್ಟುಗಳನ್ನೆಲ್ಲ ತಯಾರಿಸುವ ಕಂಪ್ಯೂಟರ್, ನೋಡಿಕೊಳ್ಳುತ್ತಾರೆ. ಕೆಲಸ ಮೊದಲು ಭಾವನದು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅಕ್ಕನನ್ನು ಊಟದ ಮೇಜಿಗೆ ಕೂರಿಸಿ ಅ ಆ ಇ ಈಯಿಂದ ಕಲಿಸಿದವರೂ ಅವರೇ. ಆಗಿನ ಠೀವಿ ನೋಡಬೇಕಿತ್ತು, ಒಂದೊಂದು ಕಮಾಂಡಿಗೂ ಒಂದೊಂದು ಭಾಷಣ! ಅಕ್ಕ ತಲೆಯಾಡಿಸುತ್ತಾ ಕಲಿತಳು, ಆಮೇಲೆ ತಾನೇ ಓದಿಕೊಂಡು ಮುಂದೆ ಹೋದಳು. ಈಗ ಲ್ಯಾಬಿನವರು ಭಾವನ ಮೊಬೈಲಿಗೇ ಫೋನ್ ಮಾಡಿ, "ಸಾರ್, ಮೇಡಂ ಇದಾರಾ?" ಅನ್ನುತ್ತಾರೆ. ಆಗಿನ ಅವರ ಮುಖ ನೋಡುವುದಕ್ಕೆಂದೇ ನಾನು ಭಾನುವಾರ ಅಲ್ಲಿಗೆ ಹೋಗುವುದುಂಟು.

ಅಂಥದೇ ಒಂದು ಭಾನುವಾರ ಬೆಳಿಗ್ಗೆ ಸರ್ವರಿನ ಡಿಸ್ಕ್ ತುಂಬುತ್ತಿದೆ ಎಂದು ಎಚ್ಚರಿಕೆ ಬಂತು. ತುಂಬಿಬಿಟ್ಟರೆ ರಿಪೋರ್ಟು ಪ್ರಿಂಟ್ ಆಗುವುದಿಲ್ಲ. ಅಕ್ಕ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವಳು ಕೈ ತೊಳೆಯುವುದರೊಳಗೆ ಭಾವ ಲ್ಯಾಪ್‌ಟಾಪ್ ಎಳೆದುಕೊಂಡರು.

"ನೀನು ಅಡುಗೆ ನೋಡ್ಕೋ. ಇದನ್ನ ನನಗೆ ಬಿಡು."

ಮೊದಲು ಕ್ಯಾಶ್ ಫೋಲ್ಡರ್ ಖಾಲಿ ಮಾಡಿದರು. ಪ್ರೋಗ್ರಾಮುಗಳು ಬೇಕೆಂದಾಗ ಬೇಗ ಸಿಗಲಿ ಎಂದು ಇಟ್ಟುಕೊಳ್ಳುವ ಪ್ರತಿಗಳು ಅವು. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮತ್ತೆ ತುಂಬಿಕೊಂಡವು. ಇನ್ನಷ್ಟು ಕೆದಕಿದಾಗ ರಿಪೋರ್ಟಿನ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲು ಸಿಕ್ಕಿತು, ಆನೆ ಗಾತ್ರದ್ದು. ಅಡುಗೆಮನೆಗೆ ಕೇಳಿಸುವ ಹಾಗೆ "ಸಿಕ್ತು!" ಎಂದು ಕೂಗಿ ಅದನ್ನು ಅಳಿಸಿದರು.

ಡಿಸ್ಕ್ ಜಪ್ಪಯ್ಯ ಅನ್ನಲಿಲ್ಲ. ಇದ್ದ ಫೈಲುಗಳನ್ನೆಲ್ಲ ಕೂಡಿಸಿದರೆ ಅರ್ಧ ಡಿಸ್ಕೂ ಆಗುವುದಿಲ್ಲ, ಡಿಸ್ಕನ್ನು ಕೇಳಿದರೆ ಪೂರ್ತಿ ತುಂಬಿದ್ದೇನೆ ಅನ್ನುತ್ತದೆ. ಭಾವ ಇಂಗು ತಿಂದ ಮಂಗನ ಹಾಗೆ ಕೂತರು. ಅಷ್ಟರಲ್ಲಿ ಲ್ಯಾಬಿನಿಂದ ಫೋನ್. ಎರಡೂ ಕೈ ಕೀಲಿಮಣೆಯ ಮೇಲಿದ್ದುದರಿಂದ ಸ್ಪೀಕರಿಗೆ ಹಾಕಿದರು.

"ಸಾರ್, ರಿಪೋರ್ಟ್ ಬರ್ತಿಲ್ಲ, ಜನ ಗಲಾಟೆ ಮಾಡ್ತಿದಾರೆ. ಸ್ವಲ್ಪ ಮೇಡಂಗೆ ಕೊಡ್ತೀರಾ?"

"ಮೇಡಂ ಬಿಜಿ," ಎಂದು ಭಾವ ಫೋನ್ ಇಟ್ಟರು.

ಅಕ್ಕ ಬಂದು ಅವರ ಕುರ್ಚಿಯ ಹಿಂದೆ ನಿಂತಳು. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಅದು ನನಗೂ ಗೊತ್ತಾಯಿತು, ಭಾವನಿಗೂ ಗೊತ್ತಾಯಿತು. ಆದರೆ ಕೇಳಬೇಕಲ್ಲ? ಪ್ರಾಣ ಹೋದರೂ ಕೇಳುವವರಲ್ಲ. ಕೊನೆಗೆ ಅವಳೇ ಕನಿಕರಪಟ್ಟಳು.

"ಅಲ್ಲಾ ರೀ, ಫೈಲ್ ಅಳಿಸಿದ್ರೂ ಪ್ರೋಗ್ರಾಂ ಅದನ್ನ ಹಿಡ್ಕೊಂಡೇ ಇದ್ರೆ ಜಾಗ ವಾಪಸ್ ಬರಲ್ಲ, ಪ್ರೋಗ್ರಾಂನ ನಿಲ್ಲಿಸಿ ಮತ್ತೆ ಶುರು ಮಾಡ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ರಲ್ವಾ?"

ಹೇಳಿಕೊಟ್ಟಿರಲಿಲ್ಲ. ಆಗ ಅವರ ಮನೆಯಲ್ಲೇ ಇದ್ದ ನಾನು ಆ ಪಾಠಗಳಿಗೆಲ್ಲ ಸಾಕ್ಷಿ. ಭಾವ ಮಾತ್ರ ಕಣ್ಣು ಮಿಟುಕಿಸದೆ, "ಹೂಂ, ಅದನ್ನೇ ಮಾಡೋಕೆ ಹೊರಟಿದ್ದೆ," ಎಂದು ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದರು. ಅರ್ಧಕ್ಕರ್ಧ ಡಿಸ್ಕ್ ಖಾಲಿಯಾಯಿತು.

ಮತ್ತೆ ಫೋನ್. "ಬಂತು ಸಾರ್, ಬಂತು! ಮೇಡಂಗೆ ಥ್ಯಾಂಕ್ಸ್ ಹೇಳಿ."

ಭಾವನ ಕಿವಿ ಕೆಂಪೇರಿತು. "ಮಾಡಿದ್ದು ನಾನು ಕಣ್ರೀ! ಅವಳಿಗೆ ಇದನ್ನ ಹೇಳ್ಕೊಟ್ಟಿದ್ದೂ ನಾನೇ!"

ಅಕ್ಕ ಅವರ ಹೆಗಲ ಮೇಲಿಂದ ಫೋನಿನತ್ತ ಬಗ್ಗಿದಳು. "ಮಾಡಿದ್ದು ಅವರೇ. ಆದ್ರೆ ಹೇಳ್ಕೊಟ್ಟಿದ್ದು ಅವರಲ್ಲ. ನಾನೇ ಓದಿ ತಿಳ್ಕೊಂಡಿದ್ದು."

ಫೋನ್ ಇಟ್ಟ ಮೇಲೆ ಭಾವ ಗೋಡೆ ನೋಡುತ್ತಾ ಗೊಣಗಿದರು. "ಎಲ್ಲಿ ಓದಿದ್ಯೋ ಏನೋ."

"ಕೇಳೋ ಹಾಗೆ ಕೇಳಿ, ಹೇಳ್ತೀನಿ."

ಭಾವ ಇನ್ನೂ ಕೇಳಿಲ್ಲ. ಅವಳು ಸ್ನಾನಕ್ಕೆ ಹೋದಾಗಲೆಲ್ಲ ಕದ್ದು ಅವಳ ಪುಸ್ತಕಗಳನ್ನು ತಿರುವಿ ಹಾಕುತ್ತಾರಂತೆ. ಅಕ್ಕ ಈಗೀಗ ಬೇಕೆಂದೇ ನಿಧಾನವಾಗಿ ಸ್ನಾನ ಮಾಡುತ್ತಾಳೆ.